ರೆಪ್ಪೆ ಬಡಿಯದ ಕಣ್ಣು

ಬಲಗಣ್ಣು ಆಗಲೇ ಹೋಗಿತ್ತು. ಆ ಬೆಳಿಗ್ಗೆ ಡಾಕ್ಟರು ಎಡಗಣ್ಣಿನ ಪಟ್ಟಿ ತೆಗೆದು ದೀಪ ಹಿಡಿದರು. ಅದರಲ್ಲೂ ಅದೇ ಬಿಳಿ ಉಂಗುರ. ಪಟ್ಟಿ ಮತ್ತೆ ಅಂಟಿಸಿದರು, ವಾರ್ಡಿನಿಂದ ಹೊರಗೆ ಬಂದರು, ನೇರವಾಗಿ ಪೊಲೀಸ್ ಠಾಣೆಗೆ ಫೋನ್ ಮಾಡಿದರು.

"ಯಾರೋ ಈ ಮನುಷ್ಯನ ಕಣ್ಣಿಗೆ ಏನೋ ಹಾಕ್ತಿದಾರೆ," ಎಂದರು. "ಒಂದು ಹೋಯ್ತು. ಇನ್ನೊಂದಕ್ಕೆ ಶುರುವಾಗಿದೆ. ಬೇಗ ಬನ್ನಿ."

ಇನ್ಸ್‌ಪೆಕ್ಟರ್ ಬಂದರು. ಗಟ್ಟಿ ಹೆಂಗಸು. ಮಾತು ಕಮ್ಮಿ, ಸಿಟ್ಟು ಜಾಸ್ತಿ. ಠಾಣೆಯಲ್ಲಿ ಬೆನ್ನ ಹಿಂದೆ ಅವರಿಗೆ ‘ದುರ್ಬೀನು’ ಎಂದು ಹೆಸರು. ದೂರದ್ದೆಲ್ಲ ಕಾಣುತ್ತೆ, ಮೂಗಿನ ಕೆಳಗಿರೋದು ಕಾಣಲ್ಲ ಎಂದು ದಫೇದಾರ ನಗುತ್ತಿದ್ದ. ಅವನ ನಗು ಅವರಿಗೂ ಗೊತ್ತಿತ್ತು, ಗೊತ್ತಿಲ್ಲದವರಂತೆ ಇರುತ್ತಿದ್ದರು ಅಷ್ಟೆ.

ಮಂಚದ ಮೇಲೆ ವೆಲ್ಡಿಂಗ್ ಮೇಸ್ತ್ರಿ ಹೊರಳಾಡುತ್ತಿದ್ದ. ಕಬ್ಬಿಣದಂಥ ತೋಳು. ಆ ತೋಳಿನಲ್ಲಿ ದಿಂಬನ್ನು ಅವುಚಿಕೊಂಡು ಮಗುವಿನಂತೆ ನರಳುತ್ತಿದ್ದ. ಪಕ್ಕದಲ್ಲಿ ಹೆಂಡತಿ. ಅವಳು ಅದೇ ಆಸ್ಪತ್ರೆಯ ಆಯಾ. ಕೆಳಗಿನ ಹೊರರೋಗಿಗಳ ಕೋಣೆಯಲ್ಲಿ ಕೆಲಸ. ಸಮವಸ್ತ್ರದ ನೀಲಿ ಸೀರೆಯಲ್ಲೇ ಓಡಿ ಬಂದಿದ್ದಳು. ಆಸ್ಪತ್ರೆಗೆಲ್ಲ ಅವಳು ‘ಅಕ್ಕ’.

"ಶುರುವಾಗಿದ್ದು ಹೇಗೆ?" ಇನ್ಸ್‌ಪೆಕ್ಟರ್ ಡಾಕ್ಟರನ್ನು ಕೇಳಿದರು.

"ಕಬ್ಬಿಣದ ಚೂರು ಹಾರಿ ಬಲಗಣ್ಣಿಗೆ ಬಿತ್ತು. ನಾನೇ ತೆಗೆದೆ. ಸಣ್ಣ ಗಾಯ. ಕೀವಾಗದ ಹಾಗೆ ಹನಿ ಬರ್ಕೊಟ್ಟೆ. ಎರಡು ಮೂರು ದಿನಕ್ಕೆ ಮಾಯಬೇಕಿತ್ತು. ಮಾಯೋ ಬದ್ಲು ಕರಗ್ತಾ ಬಂತು. ಆಸಿಡ್ ಬಿದ್ದ ಕಣ್ಣಿನ ಥರಾ."

"ಬೇರೆ ಏನಾದ್ರೂ ಹಾಕ್ಕೊಂಡಿದ್ನಾ?"

"ಮೊದಲ ದಿನದಿಂದ ಕೇಳ್ತಾನೇ ಇದೀನಿ. ನೀವು ಕೊಟ್ಟದ್ದು ಬಿಟ್ಟು ಏನೂ ಇಲ್ಲ ಅಂತಾನೆ."

ಇನ್ಸ್‌ಪೆಕ್ಟರ್ ಮಂಚಕ್ಕೆ ಬಾಗಿದರು. "ಮೇಸ್ತ್ರಿ, ನಿನಗೆ ಯಾರ ಮೇಲಾದ್ರೂ ಅನುಮಾನ ಇದೆಯಾ?"

ಅವನು ದಿಂಬಿನಿಂದ ಮುಖ ಎತ್ತಿದ. ಆಮೇಲೆ ಹೇಳಿದ: "ನನ್ನ ಬಾಮೈದ."

"ರೀ!" ಹೆಂಡತಿ ಬಾಯಿಗೆ ಕೈ ಇಟ್ಟಳು. "ಅವನು ನನ್ನ ತಮ್ಮ ಕಣ್ರೀ! ನೀವೇ ಎತ್ತಿ ಆಡಿಸಿದೋನು!"

"ಎತ್ತಿ ಆಡಿಸಿದ್ದಕ್ಕೇ ಬಂತು ನೋಡು ಈ ಗತಿ," ಎಂದು ಮೇಸ್ತ್ರಿ ಗೋಡೆಗೆ ಮುಖ ತಿರುಗಿಸಿದ.

*

ವರ್ಕ್‌ಶಾಪಿನಲ್ಲಿ ಸುಟ್ಟ ಕಬ್ಬಿಣದ ವಾಸನೆ. ಅರ್ಧ ಮುಗಿದ ಗೇಟೊಂದು ಗೋಡೆಗೆ ಒರಗಿತ್ತು. ಗೂಟದಲ್ಲಿ ಮೇಸ್ತ್ರಿಯ ಮುಖವಾಡ ನೇತಾಡುತ್ತಿತ್ತು. ಅದರ ಗಾಜಿನ ಮೇಲೆ ದೂಳು ಕೂತಿತ್ತು.

ಜಗಳ ನಡೆದದ್ದು ನಿಜ ಎಂದು ಕೆಲಸಗಾರರೆಲ್ಲ ಒಪ್ಪಿದರು. ಬಾಮೈದನಿಗೆ ತನ್ನದೇ ಅಂಗಡಿ ಇಡುವ ಆಸೆ. ಹೊಸ ಮೆಷೀನು ಕೊಡಿ ಎಂದ. ಕೈ ಕುದುರಲಿ ಆಮೇಲೆ ನೋಡೋಣ ಎಂದು ಭಾವ ಎಲ್ಲರ ಮುಂದೆ ಗೇಲಿ ಮಾಡಿದ. ಬಾಮೈದ ಸುತ್ತಿಗೆ ಬಿಸಾಕಿ, "ನಿನ್ನ ಕಣ್ಣು ಇಂಗಿಹೋಗ!" ಎಂದು ಬೈದು ಹೊರಟುಹೋದ. ಅದಾದ ಮೇಲೇ ಕಣ್ಣಿಗೆ ಚೂರು ಬಿದ್ದದ್ದು, ಅದಾದ ಮೇಲೇ ಇಷ್ಟೆಲ್ಲ ಆದದ್ದು.

"ಹನಿ ಸೀಸೆ ಎಲ್ಲಿಡ್ತಿದ್ದ?"

ಒಬ್ಬ ಕಪಾಟು ತೋರಿಸಿದ. ಖಾಲಿ ಜಾಗ. ಪಕ್ಕದಲ್ಲೇ ಒಂದು ಡಬ್ಬಿ. ಸ್ಟೀಲಿನ ಮೇಲಿನ ಸುಟ್ಟ ಕಲೆ ತೆಗೆಯುವ ಆಸಿಡ್ ಪೇಸ್ಟು. ಮುಚ್ಚಳದ ಮೇಲೆ ಬುರುಡೆಯ ಚಿತ್ರ.

"ಸಿಕ್ಕಿಬಿದ್ದ ಮೇಡಂ!" ದಫೇದಾರ ಕುಣಿದ.

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ ನೀನು. ಸುಮ್ನಿರು."

ಬಾಮೈದ ಓಡಲಿಲ್ಲ. ಭಾವನಿಗೆ ಗಾಯವಾದದ್ದು ಕೇಳಿ ಕೆಲಸಕ್ಕೆ ಮರಳಿದ್ದವನು ಹಿಂದಿನ ಶೆಡ್ಡಿನಲ್ಲಿ ಸರಳು ಕತ್ತರಿಸುತ್ತ ನಿಂತಿದ್ದ. ಪೊಲೀಸರನ್ನು ಕಂಡು ಮೆಷೀನು ನಿಲ್ಲಿಸಿದ.

"ನಿನ್ನ ಭಾವನ ಎಡಗಣ್ಣೂ ಹೋಗ್ತಿದೆ," ಎಂದರು ಇನ್ಸ್‌ಪೆಕ್ಟರ್.

ಅವನು ಕಬ್ಬಿಣದ ರಾಶಿಯ ಮೇಲೆ ಕುಸಿದು ಕೂತ. "ಎಡಗಣ್ಣೂನಾ? ಅಯ್ಯೋ ದೇವ್ರೇ." ಎರಡೂ ಕೈ ಮುಂದೆ ಚಾಚಿದ. "ನಾನೇ ಮಾಡಿದ್ದು. ಕರ್ಕೊಂಡ್ ಹೋಗಿ."

ದಫೇದಾರ ಗೆದ್ದವನಂತೆ ಇನ್ಸ್‌ಪೆಕ್ಟರ್ ಕಡೆ ನೋಡಿದ.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಅವನ ಎದುರು ಕೂತರು. "ಏನು ಹಾಕಿದೆ?"

"ಏನೂ ಹಾಕಿಲ್ಲ."

"ಮತ್ತೆ ಹೇಗೆ ಮಾಡಿದೆ?"

"ಬಾಯಲ್ಲಿ." "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ ಮೇಡಂ. ಆಡಿಬಿಟ್ಟೆ. ನಮ್ಮಪ್ಪ ಸತ್ತ ಮೇಲೆ ನನ್ನ ಸಾಕಿದೋನಿಗೆ ಆ ಮಾತು ಅಂದೆ. ಹಾಗೇ ಆಯ್ತು. ನನ್ನ ನಾಲಿಗೆ ಕಿತ್ತು ಹಾಕಿ."

ಇನ್ಸ್‌ಪೆಕ್ಟರ್ ಹಣೆ ಒತ್ತಿಕೊಂಡರು. ಶಾಪಕ್ಕೆ ಕಣ್ಣು ಹೋಗುವುದಾದರೆ ಇಡೀ ಪೊಲೀಸ್ ಇಲಾಖೆ ಕುರುಡಾಗಿರಬೇಕಿತ್ತು. ಆದರೂ ಆ ಆಸಿಡ್ ಡಬ್ಬಿ ಮನಸ್ಸಿನಲ್ಲಿ ಕೂತಿತ್ತು. ಮೇಸ್ತ್ರಿ ಆಸ್ಪತ್ರೆಗೆ ಜೊತೆಯಲ್ಲೇ ತಂದಿದ್ದ ಹನಿ ಸೀಸೆಯನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವ ತನಕ ಹುಡುಗ ಒಳಗೇ ಇರಲಿ, ಮೇಸ್ತ್ರಿಯ ಉಳಿದ ಕಣ್ಣಾದರೂ ಉಳಿಯಲಿ ಎಂದುಕೊಂಡರು.

*

ಫಲಿತಾಂಶ ಬಂತು. ಸೀಸೆಯಲ್ಲಿ ಔಷಧಿ ಬಿಟ್ಟು ಏನೂ ಇರಲಿಲ್ಲ. ಔಷಧಿ ಅಂಗಡಿಯವನು ಬೇರೇನಾದರೂ ಕೊಟ್ಟನೋ ಎಂದು ಅಲ್ಲಿಗೂ ಹೋಗಿ ಬಂದರು. ಅವನು ಕೊಟ್ಟದ್ದು ಸರಿಯಾದ ಸೀಸೆಯೇ.

ಅದೇ ಮಧ್ಯಾಹ್ನ ಡಾಕ್ಟರ ಫೋನು. ಅವರ ದನಿ ಬಿದ್ದುಹೋಗಿತ್ತು.

"ಎಡಗಣ್ಣು ಇನ್ನೂ ಹದಗೆಟ್ಟಿದೆ. ಸೀಲು ಒಡೆಯದ ಹೊಸ ಸೀಸೆ ಕೊಟ್ಟಿದೀವಿ. ನರ್ಸೇ ಹಾಕ್ತಾಳೆ. ಆದ್ರೂ ಹೀಗೆ. ಈ ವಾರದಲ್ಲಿ ಕಾರಣ ಸಿಗ್ಲಿಲ್ಲ ಅಂದ್ರೆ ನನ್ನ ಕೈಲಿ ಆಗಲ್ಲ. ಅವನು ಪೂರ್ತಿ ಕುರುಡ."

ಇನ್ಸ್‌ಪೆಕ್ಟರ್ ಲಾಕಪ್ಪಿನ ಕಡೆ ನೋಡಿದರು. ಬಾಮೈದ ಮಂಡಿಯ ಮೇಲೆ ತಲೆಯಿಟ್ಟು ಕೂತಿದ್ದ. ತಂದಿಟ್ಟ ಊಟ ತಣ್ಣಗಾಗಿತ್ತು. ಇವನ ಕೈ ಆಸ್ಪತ್ರೆಯವರೆಗೆ ಚಾಚುವುದಿಲ್ಲ. ಅಂದ ಮೇಲೆ ಮಾಡುತ್ತಿರುವ ಕೈ ಅಲ್ಲೇ ಇದೆ, ಆ ವಾರ್ಡಿನಲ್ಲೇ ಇದೆ. ಅವರು ಟೋಪಿ ತೆಗೆದುಕೊಂಡು ಎದ್ದರು.

*

ವಾರ್ಡಿನ ಬಾಗಿಲಲ್ಲೇ ಮೇಸ್ತ್ರಿಯ ನರಳಾಟ ಕೇಳಿಸಿತು. ಕಿಟಕಿಗೆಲ್ಲ ದಪ್ಪ ಬಟ್ಟೆ ಕಟ್ಟಿದ್ದರು. ಅಷ್ಟಾದರೂ ಬೆಳಕು ಚುಚ್ಚುತ್ತೆ ಎಂದು ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡಿದ್ದ.

ಇನ್ಸ್‌ಪೆಕ್ಟರ್ ನರ್ಸಿನ ಮೇಜಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಯಾರು ಬರುತ್ತಾರೆ, ಯಾರು ಹೋಗುತ್ತಾರೆ ನೋಡಬೇಕಿತ್ತು. ಓಡಾಟದ ದೂಳಿಗೆ ಅವರ ಕಣ್ಣೂ ಕೆಂಪಾಗಿ ಉರಿಯುತ್ತಿತ್ತು. ಜೇಬಿನಿಂದ ಪುಟ್ಟ ಸೀಸೆ ತೆಗೆದು, ತಲೆ ಮೇಲೆತ್ತಿ, ಹಿಂಡತೊಡಗಿದರು.

"ಅಯ್ಯಯ್ಯೋ ಮೇಡಂ!" ನರ್ಸು ಹಾರಿ ಬಂದು ಕೈ ಹಿಡಿದಳು. "ಕೈ ತೊಳೆದ್ರಾ?"

"ಇಲ್ಲ."

"ಸೀಸೆ ತುದೀನ ರೆಪ್ಪೆಗೆ ಉಜ್ತಿದೀರಲ್ಲ! ಆಯ್ತು, ಇನ್ನು ಅದು ಔಷಧಿ ಸೀಸೆ ಅಲ್ಲ, ಕ್ರಿಮಿ ಸೀಸೆ. ಒಡೆದು ಎಷ್ಟು ದಿನ ಆಯ್ತು?"

"ಯಾರಿಗೆ ನೆನಪಿರುತ್ತೆ? ನಮ್ಮಕ್ಕನಿಗೆ ಬರ್ಕೊಟ್ಟಿದ್ರು. ಉಳಿದಿತ್ತು."

"ಅಕ್ಕನ ಸೀರೆ ಉಟ್ಕೊಳ್ಳಿ, ಚಪ್ಪಲಿ ಹಾಕ್ಕೊಳ್ಳಿ. ಅವರ ಕಣ್ಣಿನ ಔಷಧಿ ಯಾಕೆ ನಿಮಗೆ? ಕಳ್ಳರನ್ನ ಹಿಡಿಯೋರಿಗೆ ಇಷ್ಟೂ ಬೇಡ್ವಾ!" ಸೀಸೆ ಕಸದ ಡಬ್ಬಿಗೆ ಹೋಯಿತು.

ಬೈಸಿಕೊಂಡು ಅಭ್ಯಾಸವಿಲ್ಲದ ಇನ್ಸ್‌ಪೆಕ್ಟರ್ ಕಸದ ಡಬ್ಬಿಯನ್ನೇ ನೋಡಿದರು. ಅಷ್ಟರಲ್ಲಿ ನೀಲಿ ಸಮವಸ್ತ್ರದ ಹೆಂಡತಿ ಬಿರಬಿರನೆ ಬಂದಳು. ಕೆಳಗಿನ ಕೆಲಸ ಮುಗಿದಿತ್ತು. ಯಾರ ಕಡೆಗೂ ನೋಡದೆ ಗಂಡನ ಮಂಚದ ಸುತ್ತ ಪರದೆ ಎಳೆದಳು.

"ಅಕ್ಕ ಬಂದ್ಲು. ಇನ್ನು ನೋಡಿ, ಅವನು ಮಗು ಥರಾ ಸುಮ್ಮನಾಗ್ತಾನೆ," ಎಂದಳು ನರ್ಸು. "ಅವಳು ಮುಖ ಒರೆಸಿದ್ರೆ ಸಾಕು, ನೋವೆಲ್ಲ ಮಾಯ. ನಮ್ಮ ಮನೆಯವರಿಗೆ ನಾನು ಹತ್ರ ಹೋದ್ರೆ ಇಲ್ಲದ ನೋವೂ ಶುರುವಾಗುತ್ತೆ."

ನರಳಾಟ ನಿಂತೇ ಹೋಯಿತು. ಇನ್ಸ್‌ಪೆಕ್ಟರಿಗೆ ಇಂಥ ಗಂಡಹೆಂಡಿರೂ ಇರುತ್ತಾರಲ್ಲ ಎನಿಸಿತು.

ನರ್ಸು ಡಾಕ್ಟರನ್ನು ಕೇಳಿ ಬಂದಳು. ಬರೀ ತೇವ ಮಾಡುವ ಹೊಸ ಹನಿ ತಂದಿದ್ದಳು. "ಕೈ ತೊಳ್ಕೊಂಡು ಬನ್ನಿ. ಹೂಂ, ಮೇಲೆ ನೋಡಿ. ಕೆಳಗಿನ ರೆಪ್ಪೆ ಹೀಗೆ ಎಳೀರಿ, ಪುಟ್ಟ ಜೇಬಾಗುತ್ತಲ್ಲ, ಅದರೊಳಗೆ ಒಂದೇ ಹನಿ. ಎರಡು ಹಾಕಿದ್ರೆ ಕೆನ್ನೆಗೇ ಹೋಗೋದು. ಆಮೇಲೆ ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆ ಬೆರಳಲ್ಲಿ ಒತ್ಕೊಳ್ಳಿ. ಗಂಟಲಿಗೆ ಇಳಿಯಲ್ಲ. ಬೇರೆ ಹನಿ ಇದ್ರೆ ಐದು ನಿಮಿಷ ಬಿಟ್ಟು ಹಾಕಬೇಕು. ಅಯ್ಯೋ, ಈಗಲೇ ಯಾಕೆ ಮುಚ್ಕೊಂಡ್ರಿ?"

"ನಾನೆಲ್ಲಿ ಮುಚ್ದೆ? ಅದೇ ಮುಚ್ಕೊಳ್ತು."

"ಹಾಗೇ ಅದು. ಏನೇ ಹತ್ರ ಬಂದ್ರೂ ರೆಪ್ಪೆ ಬಾಗಿಲು ಹಾಕುತ್ತೆ. ನಮ್ಮನ್ನ ಕೇಳಲ್ಲ."

ಎರಡು ಮೂರು ಸಲ ಆದ ಮೇಲೆ ಹನಿ ಒಳಗೆ ಬಿತ್ತು. ತಂಪಾಯಿತು.

ಹೆಂಡತಿ ಬಿಸಿನೀರು ತರಲು ಹೊರಗೆ ಹೋದಳು. ಇನ್ಸ್‌ಪೆಕ್ಟರ್ ಪರದೆ ಸರಿಸಿ ಒಳಗೆ ಹೋದರು. ಮೇಸ್ತ್ರಿ ದಿಂಬಿಗೆ ಒರಗಿ ಕೂತಿದ್ದ. ಟವೆಲೂ ಕಣ್ಣಿನ ಪಟ್ಟಿಯೂ ತೊಡೆಯ ಮೇಲಿದ್ದವು. ಮುಖ ನಿರಾಳವಾಗಿತ್ತು.

"ಯಾರು?"

"ಪೊಲೀಸು. ಈಗ ನೋವು ಹೇಗಿದೆ?"

"ಇಲ್ವೇ ಇಲ್ಲ ಮೇಡಂ. ಅವಳು ಬಂದ್ಲಲ್ಲ."

ಮುಖ ಒರೆಸಿದ ಹತ್ತಿಯ ಒಂದು ಎಳೆ ಅವನ ಎಡಗಣ್ಣಿಗೆ ಅಂಟಿಕೊಂಡಿತ್ತು. ರೆಪ್ಪೆಗಲ್ಲ, ಗುಡ್ಡೆಗೇ. ನಟ್ಟನಡುವೆ ಅಡ್ಡ ಬಿದ್ದಿತ್ತು. ಅವನು ಮಾತಾಡುತ್ತಲೇ ಇದ್ದ. ಅಂಗಡಿಯ ಗೇಟು ಅರ್ಧಕ್ಕೆ ನಿಂತಿದೆ ಎಂದ, ಗಿರಾಕಿ ಒಳ್ಳೆಯವನು ಎಂದ. ಹತ್ತಿ ಅಲ್ಲೇ ಇತ್ತು. ಅವನು ರೆಪ್ಪೆ ಬಡಿಯಲಿಲ್ಲ.

ಇನ್ಸ್‌ಪೆಕ್ಟರ್ ಹಿಂದೆ ಸರಿದರು. ಹೊರಗೆ ಬಂದು ನರ್ಸಿಗೆ ಒಂದೇ ಮಾತು ಹೇಳಿದರು: "ಡಾಕ್ಟರನ್ನ ಕರಿ. ಈಗಲೇ."

ಡಾಕ್ಟರು ಬಂದರು, ಹತ್ತಿಯ ಎಳೆ ತೆಗೆದರು, ಅದರ ತುದಿಯಿಂದಲೇ ಕಣ್ಣುಗುಡ್ಡೆಯನ್ನು ಮೆಲ್ಲಗೆ ಮುಟ್ಟಿದರು. ಒಮ್ಮೆ, ಮತ್ತೊಮ್ಮೆ. ಮೇಸ್ತ್ರಿಗೆ ಗೊತ್ತೇ ಆಗಲಿಲ್ಲ. ಡಾಕ್ಟರ ಮುಖ ಬಿಳಿಚಿತು.

*

ಡಾಕ್ಟರ ಕೋಣೆಯಲ್ಲಿ ಹೆಂಡತಿ ನಿಂತೇ ಇದ್ದಳು. ಕೂರು ಎಂದರೂ ಕೂರಲಿಲ್ಲ.

"ಅಕ್ಕ," ಎಂದರು ಇನ್ಸ್‌ಪೆಕ್ಟರ್, "ಗಂಡನ ಕಣ್ಣಿಗೆ ಏನು ಹಾಕಿದೆ?"

"ನಾನಾ? ಏನೂ ಇಲ್ಲ."

"ನಿನ್ನ ತಮ್ಮ ನನ್ನ ಲಾಕಪ್ಪಲ್ಲಿದ್ದ. ಆದ್ರೂ ಕಣ್ಣು ಕೆಡ್ತಾ ಹೋಯ್ತು. ಅಂದ್ರೆ ಅವನಲ್ಲ. ಸೀಸೇಲಿ ದೋಷ ಇಲ್ಲ, ಹಾಕೋ ನರ್ಸಿನ ಕೈಯಲ್ಲೂ ದೋಷ ಇಲ್ಲ. ಇನ್ನು ಆ ಪರದೆ ಒಳಗೆ ಹೋಗೋಳು ನೀನೊಬ್ಳೇ. ನೀನು ಬರೋ ತನಕ ಅವನಿಗೆ ಬೆಳಕೂ ಚುಚ್ಚುತ್ತೆ. ನೀನು ಬಂದ ಮೇಲೆ ಕಣ್ಣೊಳಗೆ ಹತ್ತಿ ಬಿದ್ರೂ ಗೊತ್ತಾಗಲ್ಲ. ಪ್ರೀತಿಯಿಂದ ನೋವು ಮರೀಬಹುದು, ಒಪ್ತೀನಿ. ರೆಪ್ಪೆ ಬಡಿಯೋದು ಮರೆಯಲ್ಲ. ಆ ಕಣ್ಣು ಮರಗಟ್ಟಿದೆ. ಮರಗಟ್ಟಿಸೋ ಹನಿ ಇರೋದು ನೀನು ಕೆಲಸ ಮಾಡೋ ಕೋಣೇಲಿ."

ಹೆಂಡತಿ ಸೆರಗಿನ ಗಂಟು ಬಿಚ್ಚಿದಳು. ಪುಟ್ಟ ಪುಟ್ಟ ಸೀಸೆಗಳನ್ನು ಮೇಜಿನ ಮೇಲಿಟ್ಟಳು. ಎಲ್ಲದರಲ್ಲೂ ತಳದಲ್ಲಿ ಒಂದಿಷ್ಟು ಉಳಿದಿತ್ತು.

"ಕದ್ದಿಲ್ಲ ಮೇಡಂ. ಸಂಜೆಗೆ ಕಸದ ಡಬ್ಬಿಗೆ ಹಾಕ್ತಾರೆ. ಅದನ್ನ ಎತ್ಕೊಂಡೆ. ಕಸ ಎತ್ಕೊಂಡ್ರೂ ಕೇಸಾ?" ಅವಳ ದನಿ ಗಟ್ಟಿಯಾಯಿತು. "ಹೌದು, ನಾನೇ ಹಾಕ್ದೆ. ಡಾಕ್ಟ್ರು ಬರ್ಕೊಟ್ಟದ್ದು ಹಾಕಿದ್ರೆ ಉರೀತಿತ್ತು, ನೋವು ಹೋಗ್ತಿರಲಿಲ್ಲ. ರಾತ್ರಿಯೆಲ್ಲ ಗೋಡೆಗೆ ತಲೆ ಚಚ್ಕೊಳ್ತಿದ್ರು. ಚೂರು ತೆಗೆಯೋ ದಿನ ಡಾಕ್ಟ್ರು ಈ ಹನಿ ಹಾಕಿದ ತಕ್ಷಣ ನೋವು ನಿಂತಿತ್ತಲ್ಲ. ಅಮೃತ ಕಣೇ ಅದು ಅಂತಿದ್ರು. ತಂದು ಹಾಕ್ದೆ. ನೋವು ನಿಂತಿತು ಅಂತ ಮತ್ತೆ ಕೆಲಸಕ್ಕೂ ಹೋದ್ರು. ಮಂಜಾದ ಕಣ್ಣಿಗೆ ಕಾಣದೆ ಮುಖವಾಡ ಎತ್ತಿ ಬೆಸುಗೆ ಹಾಕಿ, ಎಡಗಣ್ಣಿಗೂ ಬೆಂಕಿಯ ಬೆಳಕು ಹೊಡೆಸ್ಕೊಂಡು ಬಂದ್ರು. ಆಮೇಲೆ ಎರಡಕ್ಕೂ ಹಾಕ್ದೆ."

"ಡಾಕ್ಟರಿಗೆ ಯಾಕೆ ಹೇಳ್ಲಿಲ್ಲ?"

"ಕೆಲಸ ಹೋಗುತ್ತಲ್ಲ ಅಂತ. ಬೇಡ, ನಾನೂ ಹೇಳಲ್ಲ ಅಂದ್ರು ನಮ್ಮ ಮನೆಯವರು." ಅವಳು ಡಾಕ್ಟರ ಕಡೆ ತಿರುಗಿದಳು. "ಅದು ಕೆಟ್ಟದ್ದಾ ಸಾರ್? ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಬಂದೋರಿಗೆಲ್ಲ ನೀವೇ ಹಾಕ್ತೀರಲ್ಲ? ನನ್ನ ಕಣ್ಣಾರೆ ನೋಡ್ತೀನಲ್ಲ?"

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದ್ಸಲ ಹಾಕ್ತೀವಿ ಅಕ್ಕ. ಪರೀಕ್ಷೆ ಮಾಡೋಕೆ, ಚೂರು ತೆಗೆಯೋಕೆ. ಅಷ್ಟೇ. ಯಾರಿಗೂ ಮನೆಗೆ ಕೊಡಲ್ಲ. ಮತ್ತೆ ಮತ್ತೆ ಹಾಕಿದ್ರೆ ಗಾಯ ಮಾಯಲ್ಲ. ಕಣ್ಣಿನ ಮೇಲಿನ ಪೊರೆ ಸತ್ತು, ಒಳಗಿಂದ ಕರಗುತ್ತೆ. ಕರಗ್ತಿರೋದು ಗೊತ್ತೂ ಆಗಲ್ಲ. ಇಳಿದ ಮೇಲೆ ಮೊದಲಿಗಿಂತ ಹೆಚ್ಚು ನೋವು. ಮತ್ತೆ ಹಾಕು ಅನ್ಸುತ್ತೆ." ಅವರು ಸೀಸೆಗಳನ್ನು ನೋಡಿದರು. "ಚೆಲ್ಲಿ ಎಸೀಬೇಕಿತ್ತು. ನಾವು ಹಾಗೇ ಎಸೀತಿದ್ವಿ. ಅದು ನನ್ನ ತಪ್ಪು."

ಅವಳಿಗೆ ಕೊನೆಯ ಮಾತು ಕೇಳಿಸಲಿಲ್ಲ. "ಬಲಗಣ್ಣೂ ಅದರಿಂದಲೇನಾ?" ಎಂದಳು.

ಡಾಕ್ಟರು ಹೌದೆಂದು ತಲೆ ಆಡಿಸಿದರು.

ಅವಳು ಅಳಲಿಲ್ಲ. ತನ್ನ ಅಂಗೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆಮೇಲೆ ನೆಲಕ್ಕೆ ಕುಸಿದಳು. ಇನ್ಸ್‌ಪೆಕ್ಟರ್ ಪಕ್ಕದಲ್ಲೇ ನೆಲದ ಮೇಲೆ ಕೂತರು. ಎಷ್ಟೋ ಕಳ್ಳರನ್ನು, ಕೊಲೆಗಾರರನ್ನು ಹಿಡಿದಿದ್ದ ಆಕೆಗೆ ಹಿಡಿದೆನಲ್ಲ ಎಂದು ಸಂಕಟವಾದದ್ದು ಅದೇ ಮೊದಲು.

"ಕೇಸು ಮೇಡಂ?" ದಫೇದಾರ ಬಾಗಿಲಿನಿಂದ ಪಿಸುಗುಟ್ಟಿದ.

"ಮೊದ್ಲು ಹೋಗಿ ಅವಳ ತಮ್ಮನ್ನ ಬಿಟ್ಟು ಕರ್ಕೊಂಡ್ ಬಾ. ಉಳಿದದ್ದು ಆಮೇಲೆ."

"ಗಂಡನಿಗೆ ನಾನು ಹೇಳ್ತೀನಿ," ಎಂದರು ಡಾಕ್ಟರು.

"ಬೇಡ ಸಾರ್," ಎಂದಳು ಅವಳು. "ಹಾಕಿದೋಳು ನಾನು. ನಾನೇ ಹೇಳ್ತೀನಿ."

*

ಹೊತ್ತು ಇಳಿಯುವಷ್ಟರಲ್ಲಿ ಹನಿಯ ಜೋಮು ಇಳಿದಿತ್ತು. ಮೇಸ್ತ್ರಿ ಹಾಸಿಗೆ ಹಿಂಡುತ್ತಿದ್ದ.

"ಬಂದ್ಯಾ? ಬೇಗ ಹಾಕೇ. ಕಣ್ಣೊಳಗೆ ಕೆಂಡ ಇಟ್ಟ ಹಾಗಿದೆ."

"ಇನ್ನು ಹಾಕಲ್ಲ ಕಣ್ರೀ."

"ಯಾಕೆ? ಸಿಗಲಿಲ್ವಾ?"

"ಆ ಹನಿಯೇ ನಿಮ್ಮ ಕಣ್ಣು ತಿಂದದ್ದು. ಬಲಗಣ್ಣೂ ಅದೇ ತಿಂತು. ನನ್ನ ತಮ್ಮ ಏನೂ ಮಾಡಿಲ್ಲ. ನಾನು ಮಾಡ್ದೆ ರೀ."

ಅವನು ಹಾಸಿಗೆ ಹಿಂಡುವುದನ್ನು ನಿಲ್ಲಿಸಿದ. ಪಕ್ಕದಲ್ಲಿ ಯಾರೋ ಬಿಕ್ಕಿದ್ದು ಕೇಳಿ ಕತ್ತು ತಿರುಗಿಸಿದ. "ಅಲ್ಲಿ ಯಾರು?"

"ನಾನು ಭಾವ."

"ಬಂದ್ಯೇನೋ," ಎಂದ ಮೇಸ್ತ್ರಿ. ತಡಕಾಡಿ ಬಾಮೈದನ ತಲೆಯ ಮೇಲೆ ಕೈಯಿಟ್ಟ. ಆಮೇಲೆ ಹೆಂಡತಿಗೆ ಹೇಳಿದ: "ಡಾಕ್ಟ್ರು ಕೇಳ್ದಾಗಲೆಲ್ಲ ಏನೂ ಹಾಕಿಲ್ಲ ಅಂದೋನು ನಾನೇ ತಾನೇ. ನಿನ್ನೊಬ್ಳದ್ದೇ ಅಲ್ಲ ಬಿಡು."

ಆದರೆ ನೋವು ಯಾರ ಮಾತು ಕೇಳುತ್ತದೆ? ಅದು ಮತ್ತೆ ಏರಿ ಬಂತು. ಎಲ್ಲ ತಿಳಿದ ಮೇಲೂ ಆ ಗಟ್ಟಿ ಮನುಷ್ಯ ಬೇಡಿದ. "ಒಂದೇ ಒಂದು ಹನಿ ಕಣೇ. ಕಣ್ಣು ಹೋದ್ರೆ ಹೋಗ್ಲಿ. ನಿನ್ನ ಕಾಲಿಗೆ ಬೀಳ್ತೀನಿ." ಅವಳು ಇಲ್ಲ ಎಂದಳು. ಅವನು ಬಾಯಿಗೆ ಬಂದಂತೆ ಬೈದ. ಅವಳು ಇಲ್ಲ ಎಂದಳು. ಕಣ್ಣು ಉಜ್ಜಿಕೊಳ್ಳದಂತೆ ಒಂದು ಕೈ ಅವಳು ಹಿಡಿದಳು, ಇನ್ನೊಂದನ್ನು ತಮ್ಮ ಹಿಡಿದ. ಗಂಡ ಒಂದು ಸಲ ನರಳಿದರೆ ತಡೆಯಲಾಗದ ಹೆಂಗಸು ಅವತ್ತು ಅಷ್ಟನ್ನೂ ಕೂತು ಕೇಳಿದಳು. ನರ್ಸು ಮೂಲೆಯಲ್ಲಿ ನಿಂತು ಅತ್ತಳು. ಇನ್ಸ್‌ಪೆಕ್ಟರಿಗೆ ನಿಲ್ಲಲಾಗಲಿಲ್ಲ, ಹೊರಟುಬಿಟ್ಟರು.

*

ಇನ್ಸ್‌ಪೆಕ್ಟರ್ ನಡೆದದ್ದನ್ನು ನಡೆದ ಹಾಗೇ ಮೇಲಿನವರಿಗೆ ಒಪ್ಪಿಸಿದರು. ಬೇಕೆಂದು ಮಾಡಿದ್ದಲ್ಲ ಎಂದು ಕೇಸು ಅಲ್ಲಿಗೇ ನಿಂತಿತು. ಅವಳ ಕೆಲಸ ಮಾತ್ರ ಹೋಯಿತು. ಅಂಗಡಿಯನ್ನು ಬಾಮೈದ ನಡೆಸತೊಡಗಿದ.

ಕೆಲವು ವಾರಗಳ ನಂತರ ಆಸ್ಪತ್ರೆಯಲ್ಲಿ ಡಾಕ್ಟರು ಸಿಕ್ಕರು. ಕಣ್ಣು ಹೇಗಿದೆ ಎಂದು ಇನ್ಸ್‌ಪೆಕ್ಟರ್ ಕೇಳಿದರು.

"ಗುಡ್ಡೆ ಉಳೀತು. ಗಾಯ ಮಾಯ್ತು. ಆದ್ರೆ ದೊಡ್ಡ ಕಲೆ ಉಳ್ಕೊಂಡಿದೆ. ಬೆಳಕು ಕಾಣುತ್ತೆ, ಎದುರಿಗೆ ಯಾರೋ ಇದಾರೆ ಅನ್ನೋದು ಕಾಣುತ್ತೆ. ಮುಂದೆ ಯಾವಾಗಲಾದ್ರೂ ಕಣ್ಣಿನ ಮೇಲಿನ ಪೊರೆ ಬದಲಾಯಿಸಿ ನೋಡಬೇಕು. ಮುಖ ಗಿಖ ಈಗ ಕಾಣಲ್ಲ."

ವಾರ್ಡಿನಲ್ಲಿ ಅವನು ಮನೆಗೆ ಹೊರಡಲು ಸಿದ್ಧನಾಗಿ ಮಂಚದ ಅಂಚಿಗೆ ಕೂತಿದ್ದ. ಕಿಟಕಿಯ ಬಟ್ಟೆ ತೆಗೆದಿದ್ದರು. ಹೆಂಡತಿ ಎದುರಿಗೆ ನಿಂತು ಅವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ದನಿ ಮಾತ್ರ ಬಿಗಿಹಿಡಿದಿದ್ದಳು.

"ನಿಜ ಹೇಳಿ ರೀ," ಎಂದಳು. "ನನ್ನ ಮುಖ ಕಾಣ್ತಿದೆಯಾ?"

"ಕಾಣದೇ ಏನು? ಚೆನ್ನಾಗಿ ಕಾಣ್ತಿದೆ," ಎಂದ ಮೇಸ್ತ್ರಿ. "ನಗ್ತಾ ಇದೀಯಲ್ಲ."

ಅವಳು ಗುಂಡಿಯ ಮೇಲೆ ಕೈ ನಿಲ್ಲಿಸಿ ಅವನನ್ನೇ ನೋಡಿದಳು.

"ಹೂಂ ಕಣ್ರೀ," ಎಂದಳು. "ನಗ್ತಾ ಇದೀನಿ."